ಕಡಲ ತರಕಾರಿ

ಉದಯಕುಮಾರ್ ಸುಳ್ಳುಗಾರನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳಲು ಅವಕಾಶ ಸಿಗುವುದಿಲ್ಲ. ಅವನ ತೊಂದರೆಯೇ ಬೇರೆ. ನಿಜ ಹೇಳಿದರೆ ಎದುರಿಗಿರುವವರ ಮುಖ ಸಪ್ಪಗಾಗುತ್ತದೆ ಎಂದು ಅನ್ನಿಸಿದ ಕೂಡಲೇ ಅವನ ಬಾಯಿ ಅವನನ್ನು ಒಂದು ಮಾತೂ ಕೇಳದೆ ಬೇರೇನೋ ಹೇಳಿ ಮುಗಿಸಿರುತ್ತಿತ್ತು. ಆಮೇಲೆ ಅವನು ಒಬ್ಬನೇ ಕೂತು, ಹೇಳಿದ್ದನ್ನು ಹೇಗಪ್ಪಾ ನಿಭಾಯಿಸುವುದು ಎಂದು ಬೆವರುತ್ತಿದ್ದ. ನಲವತ್ತೆಂಟು ವರ್ಷ ಹೀಗೇ ಬೆವರಿದ್ದರಿಂದಲೋ ಏನೋ ಮೈಮೇಲೆ ಮಾಂಸ ನಿಂತಿರಲಿಲ್ಲ. ಮದುವೆಯ ವಿಷಯದಲ್ಲೂ ಯಾವ ಮನೆಯವರ ಮನಸ್ಸೂ ನೋಯಬಾರದು ಎಂದು ನೋಡುತ್ತ ನೋಡುತ್ತ ಅದು ಕೈತಪ್ಪಿ ಹೋಗಿತ್ತು.

ಕೆಲಸ ಕೆಂಗೇರಿಯಾಚೆ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಮೆಕ್ಯಾನಿಕಲ್ ವಿಭಾಗದ ಮೇಷ್ಟರು. ಇರುವುದು ಬಸವೇಶ್ವರನಗರದಲ್ಲಿ, ಅಕ್ಕ ಶಿವಕ್ಕನ ಮನೆಯಲ್ಲಿ. ಶಿವಕ್ಕ ರಾಣೆಬೆನ್ನೂರಿನಿಂದ ಮದುವೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ತಾರಸಿಯ ಮೇಲೆ ಹಪ್ಪಳ ಸಂಡಿಗೆ ಹಾಕಲು ಶುರು ಮಾಡಿ, ತಮ್ಮನನ್ನು ಓದಿಸಿ, ಈಗ ಓಣಿಯ ನಾಲ್ಕಾರು ಹೆಂಗಸರಿಗೂ ಕೆಲಸ ಕೊಟ್ಟಿದ್ದಳು. ರಾಜಾಜಿನಗರ, ವಿಜಯನಗರದ ಅಂಗಡಿಗಳಲ್ಲಿ ಅವಳ ಹಪ್ಪಳಕ್ಕೆ ಹೆಸರಿತ್ತು. ಲಿಂಗಪೂಜೆ ಮಾಡಿಕೊಂಡೇ ಹಿಟ್ಟಿಗೆ ಕೈ ಹಾಕುತ್ತಾಳೆ ಎಂಬುದು ಆ ಹೆಸರಿನ ಅರ್ಧ ಪಾಲು. ಒಂದು ಸಲ ಅಂಗಡಿಯವನು ಮೊಟ್ಟೆಯ ಟ್ರೇ ಪಕ್ಕದಲ್ಲಿ ಹಪ್ಪಳದ ಕಟ್ಟು ಇಟ್ಟಿದ್ದನ್ನು ನೋಡಿ, ಇದ್ದಬದ್ದ ಮಾಲನ್ನೆಲ್ಲ ಆಟೋದಲ್ಲಿ ತುಂಬಿಕೊಂಡು ವಾಪಸ್ ಬಂದಿದ್ದಳು. ಅಂಗಡಿಯವನು ಮನೆಗೆ ಬಂದು ಕೈ ಮುಗಿದ ಮೇಲೆಯೇ ಮತ್ತೆ ಕೊಟ್ಟದ್ದು.

ಇಂಥ ಶಿವಕ್ಕನಿಗೆ ಬಿಸಿಲು ಕಾಣೆಯಾಯಿತು. ಪಕ್ಕದ ಮನೆಯ ಮುನಿವೆಂಕಟಪ್ಪನವರು, ಬಡಾವಣೆ ಆಗುವ ಮುಂಚೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದವರು, ಹಳೇ ಹೆಂಚಿನ ಮನೆ ಕೆಡವಿ ಬಾಡಿಗೆಗೆಂದು ಕಟ್ಟಡ ಎಬ್ಬಿಸಿದ್ದರು. ಪರವಾನಗಿ ಇದ್ದದ್ದು ಮೂರು ಮಹಡಿಗೆ, ಎದ್ದದ್ದು ಐದು. ಅದರ ಮೇಲೊಂದು ನೀರಿನ ಟ್ಯಾಂಕು ಬೇರೆ. ಬಿಸಿಲು ಈಗ ಶಿವಕ್ಕನ ತಾರಸಿಗೆ ದೊಡ್ಡ ಸಾಹೇಬರ ಹಾಗೆ ತಡವಾಗಿ ಬಂದು, ಊಟದ ಹೊತ್ತಿಗೆ ಎದ್ದು ಹೋಗುತ್ತಿತ್ತು. ಹೋದ ಮಳೆಗಾಲದಲ್ಲಿ ಸಂಡಿಗೆಗೆ ಬೂಷ್ಟು ಹಿಡಿದು ಎರಡು ಅಂಗಡಿಗಳು ಕೈಬಿಟ್ಟಿದ್ದವು. ಬರುವ ಮಳೆಗಾಲವೂ ಹೀಗೇ ಆದರೆ ಮುಚ್ಚಿಬಿಡ್ತೀನಿ, ಹೆಂಗಸರಿಗೆ ಬೇರೆ ಕೆಲಸ ನೋಡಿಕೊಳ್ಳಿ ಅಂತ ಹೇಳ್ತೀನಿ ಎಂದು ಶಿವಕ್ಕ ಹೇಳಿದ್ದಳು. ಹೇಳುವಾಗ ತಮ್ಮನ ಮುಖ ನೋಡಿರಲಿಲ್ಲ. ಅದು ಅವನಿಗೆ ಚುಚ್ಚಿತು, ಯಾಕೆಂದರೆ ಅವನ ಒಂದೊಂದು ಪುಸ್ತಕವೂ ಅದೇ ತಾರಸಿಯ ಮೇಲೆ ಒಣಗಿದ ಹಪ್ಪಳದಿಂದ ಬಂದದ್ದು.

ಇದೇ ಹೊತ್ತಿಗೆ ಕಾಲೇಜಿಗೆ ಒಂದು ಸುತ್ತೋಲೆ ಬಂತು. ಎರಡು ದೇಶಗಳ ಸರ್ಕಾರಗಳು ಸೇರಿ ಜನರ ಉಪಯೋಗಕ್ಕೆ ಬರುವಂಥ ಸಂಶೋಧನೆಗೆ ಅನುದಾನ ಕೊಡುತ್ತವಂತೆ. ನಮ್ಮ ದೇಶದ ಒಂದು ಕಾಲೇಜು, ನಾರ್ವೆ ದೇಶದ ಒಂದು ಸಂಸ್ಥೆ, ಜತೆಗೆ ಇಲ್ಲಿನ ಒಂದು ಸಣ್ಣ ಉದ್ಯಮ, ಮೂವರೂ ಕೈ ಜೋಡಿಸಬೇಕು. ಉದಯಕುಮಾರ್ ಹುಡುಕಿದ. ನಾರ್ವೆಯ ಉತ್ತರದ ತುದಿಯಲ್ಲಿ ಟ್ರೊಮ್ಸೊ ಎಂಬ ಊರು, ಅಲ್ಲಿ ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಆ ಊರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಹಾಲ್ವರ್ ಎಂಬ ವಿಜ್ಞಾನಿ ಬಿಸಿಲೇ ಇಲ್ಲದೆ, ಕಡಿಮೆ ಕರೆಂಟಿನಲ್ಲಿ, ತಣ್ಣನೆಯ ಗಾಳಿಯಿಂದ ವಸ್ತುಗಳನ್ನು ಗರಿಗರಿಯಾಗಿ ಒಣಗಿಸುವ ಪೆಟ್ಟಿಗೆ ಮಾಡಿದ್ದ. ಉದಯಕುಮಾರ್ ಇ-ಮೇಲ್ ಬರೆದ. ಹಾಲ್ವರ್ ಅದೇ ದಿನ ಉತ್ತರ ಬರೆದು, ಹಪ್ಪಳದ ಫೋಟೋ ನೋಡಿ ತನಗೆ ಬಹಳ ಸಂತೋಷವಾಯಿತು ಎಂದ. ಎಲ್ಲವೂ ಹಾಲು ಕುಡಿದಷ್ಟು ಸಲೀಸಾಗಿ ಹೋಗುತ್ತಿತ್ತು.

ಆ ಪೆಟ್ಟಿಗೆಯಲ್ಲಿ ಹಾಲ್ವರ್ ಒಣಗಿಸುತ್ತಿದ್ದದ್ದು ಮೀನು.

ಅಂದು ಊಟಕ್ಕೆ ಕೂತಾಗ ಉದಯಕುಮಾರ್ ಅಕ್ಕನಿಗೆ ಯೋಜನೆಯನ್ನೆಲ್ಲ ವಿವರಿಸಿದ. ಸಣ್ಣ ಉದ್ಯಮದ ಜಾಗದಲ್ಲಿ ಅವಳು ಒಪ್ಪಿ ಸಹಿ ಹಾಕಬೇಕಿತ್ತು. ಶಿವಕ್ಕ ರೊಟ್ಟಿ ಬಡಿಸುತ್ತ ಪೂರ್ತಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಕಳೆ ಬಂತು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅವರು ಆ ಪೆಟ್ಟಿಗೇಲಿ ಏನು ಒಣಗಿಸ್ತಾರೋ?"

ಉದಯಕುಮಾರ್ ಆ ಕಳೆಯನ್ನು ನೋಡಿದ. ಬಾಯಿ ತನ್ನ ಕೆಲಸ ಮಾಡಿತು.

"ಸಮುದ್ರದಲ್ಲಿ ಬೆಳೆಯೋ ಒಂದು ತರಕಾರಿ ಅಕ್ಕ."

"ಬದನೆಕಾಯಿ ಥರಾನಾ?"

"ಸ್ವಲ್ಪ ಉದ್ದ."

ಶಿವಕ್ಕ ಕೈ ತೊಳೆದುಕೊಂಡು ಬಂದು ಸಹಿ ಹಾಕಿದಳು. ಉದಯಕುಮಾರ್ ಆ ರೊಟ್ಟಿಯನ್ನು ನುಂಗಲು ಎರಡು ಲೋಟ ನೀರು ಕುಡಿಯಬೇಕಾಯಿತು.

ಅನುದಾನ ಬಂದಾಗ ನೋಡಿಕೊಂಡರಾಯಿತು, ಸಾವಿರಾರು ಅರ್ಜಿಗಳ ನಡುವೆ ನಮ್ಮದೆಲ್ಲಿ ಎಂದು ಅವನು ಸಮಾಧಾನ ಮಾಡಿಕೊಂಡ. ಆದರೆ ಶಿವಕ್ಕ ಸುಮ್ಮನೆ ಕೂರುವವಳಲ್ಲ. ವಿದೇಶದ ವಿಜ್ಞಾನಿ, ಎರಡು ಸರ್ಕಾರ, ಕಡಲ ತರಕಾರಿ, ಮೂರನ್ನೂ ಅವಳು ಓಣಿಯ ಅಕ್ಕನ ಬಳಗಕ್ಕೆ ಒಯ್ದಳು. ಬಳಗದ ಅಧ್ಯಕ್ಷೆ ನೀಲಗಂಗಮ್ಮನವರು ಯಾವ ಹೊಸ ಸೊಪ್ಪಿನ ಸುದ್ದಿ ಬಂದರೂ ಅದು ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಮೊದಲು ಘೋಷಿಸಿ, ಆಮೇಲೆ ವಿಚಾರಿಸುವವರು. ಭಾನುವಾರ ಮಧ್ಯಾಹ್ನ ವಚನ ಹೇಳಿ ಮುಗಿಸಿದ ಮೇಲೆ, ಕಡಲ ತರಕಾರಿಯ ಕುರಿತು ಉದಯಕುಮಾರ್ ಅವರಿಂದ ಉಪನ್ಯಾಸ ಎಂದು ಗೊತ್ತು ಮಾಡಿಯೇಬಿಟ್ಟರು.

ಉದಯಕುಮಾರ್ ಹಣೆಗೆ ವಿಭೂತಿ ಧರಿಸಿ, ಶಾಲು ಹೊದಿಸಿಕೊಂಡು, ಅಷ್ಟು ಜನ ತಾಯಂದಿರ ಮುಂದೆ ಕೂತ. ಉಪನ್ಯಾಸವನ್ನು ಗಾಳಿ, ತೇವ, ಶಾಖ ಎಂದು ಹೇಗೋ ದಡ ಮುಟ್ಟಿಸಿದ. ಕಷ್ಟ ಬಂದದ್ದು ಪ್ರಶ್ನೆಗಳಲ್ಲಿ. ಆ ಗಿಡಕ್ಕೆ ಬೇರು ಎಷ್ಟು ಆಳ ಎಂದು ಒಬ್ಬರು ಕೇಳಿದರು. ಬೇರಿರುವುದಿಲ್ಲ, ನೀರಲ್ಲಿ ಓಡಾಡಿಕೊಂಡಿರುತ್ತದೆ ಎಂದ. ಒಣಗಿಸುವುದು ಹೇಗೆ ಎಂದರು ಇನ್ನೊಬ್ಬರು. ತಲೆ ತೆಗೆದು, ಎರಡೆರಡು ಜೋಡಿ ಕಟ್ಟಿ ಗಳುವಿಗೆ ನೇತುಹಾಕುತ್ತಾರೆ ಎಂದ. ತಲೆಯೇ ಎಂದು ಯಾರೋ ಹುಬ್ಬೇರಿಸಿದರು. ತೊಟ್ಟು, ತೊಟ್ಟು ಎಂದು ತಿದ್ದಿಕೊಂಡ. ಕೊನೆಗೆ ನೀಲಗಂಗಮ್ಮನವರೇ ಕೇಳಿದರು.

"ಅದನ್ನ ಕೀಳೋದು ಹೆಂಗಪ್ಪಾ?"

"ಬಲೆ ಹಾಕ್ತಾರೆ ಅಮ್ಮ."

"ತರಕಾರಿಗೆ ಬಲೆ ಯಾಕೆ?"

"ಹಕ್ಕಿಗಳು ಬಂದು ತಿನ್ನಬಾರದು ಅಂತ."

ಎಲ್ಲರಿಗೂ ಒಪ್ಪಿಗೆಯಾಯಿತು. ನೀಲಗಂಗಮ್ಮನವರು ಅದು ಸಕ್ಕರೆ ಕಾಯಿಲೆಗೂ ಮಂಡಿನೋವಿಗೂ ಒಳ್ಳೆಯದೆಂದು ಘೋಷಿಸಿದರು. ಬಂದವರೆಲ್ಲ ಅರ್ಧರ್ಧ ಕೆಜಿಗೆ ಹೆಸರು ಹೇಳಿ ಎದ್ದುಹೋದರು. ಶಿವಕ್ಕ ತಮ್ಮನನ್ನು ನೋಡಿದ ನೋಟದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಉದಯಕುಮಾರನಿಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನೆಲ ಬಾಯಿ ಬಿಡಲಿಲ್ಲ, ಅನುದಾನದ ಇಲಾಖೆ ಬಿಟ್ಟಿತು. ಅರ್ಜಿ ಮೊದಲ ಸುತ್ತಿನಲ್ಲಿ ಗೆದ್ದಿದೆ, ಯೋಜನಾಧಿಕಾರಿ ರಾಗಿಣಿ ಮೇಡಂ ಮತ್ತು ನಾರ್ವೆಯ ಪಾಲುದಾರರು ಉದ್ಯಮದ ಸ್ಥಳ ನೋಡಲು ಬರುತ್ತಾರೆ, ಅದಕ್ಕೆ ಮುಂಚೆ ಆನ್‌ಲೈನ್‌ನಲ್ಲಿ ಒಂದು ಸಭೆ ಎಂದು ತಿಳಿಸಿತು. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಹಾರ ಹಾಕಿದರು. ಹಾರ ಹಾಕಿಸಿಕೊಂಡವನ ಮುಖ ಬಲಿಯ ಕುರಿಯದ್ದಾಗಿತ್ತು.

ಈಗ ಉದಯಕುಮಾರ್ ತನ್ನ ಬದುಕಿನ ಅತಿ ದೊಡ್ಡ ಜಾಣತನ ಮಾಡಿದ. ಹಾಲ್ವರ್‌ಗೆ ಒಂದು ಇ-ಮೇಲ್ ಬರೆದು, ನೀವು ಬಂದಾಗ ಒಣಗಿಸುವ ವಸ್ತು ಯಾವುದೆಂದು ದಯವಿಟ್ಟು ಯಾರಿಗೂ ಹೇಳಬೇಡಿ, ಅದು ನಮ್ಮಲ್ಲಿ ಬಹಳ ಸೂಕ್ಷ್ಮವಾದ ವಿಷಯ ಎಂದು ಕೇಳಿಕೊಂಡ. ಯಾಕೆ ಎಂದು ಬರೆಯಲಿಲ್ಲ. ಅಕ್ಕನ ಮಡಿಯನ್ನು ಇಂಗ್ಲಿಷಿಗೆ ತರಲು ಅವನಿಗೆ ಬರಲಿಲ್ಲ.

ಹಾಲ್ವರ್ ಅಕ್ಷರಕ್ಕೆ ಅಕ್ಷರ ನಡೆಯುವ ಮನುಷ್ಯ. ಅವರ ದೇಶದಲ್ಲಿ ಗೋಪ್ಯ ಎಂದರೆ ಗೋಪ್ಯ. ತಮ್ಮ ಸಂಸ್ಥೆ ವ್ಯಾಪಾರದ ಗುಟ್ಟನ್ನು ಪ್ರಾಣ ಹೋದರೂ ಬಿಡುವುದಿಲ್ಲ, ವಕೀಲರಿಗೂ ತಿಳಿಸಿದ್ದೇನೆ, ಕಾಗದಪತ್ರಗಳಲ್ಲೆಲ್ಲ ಆ ಹೆಸರು ತೆಗೆದು 'ವಸ್ತು ಎಕ್ಸ್' ಎಂದು ಬರೆಸಿದ್ದೇನೆ ಎಂದು ಉತ್ತರ ಕೊಟ್ಟ. ಉದಯಕುಮಾರ್ ಆ ಉತ್ತರ ಓದಿ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರಿನ ಆಯುಸ್ಸು ಸಭೆಯ ದಿನದವರೆಗೆ ಮಾತ್ರ ಇತ್ತು.

ಸಭೆಯಲ್ಲಿ ರಾಗಿಣಿ ಮೇಡಂ ನೋಡಿದ್ದು ಇಷ್ಟು: ಉತ್ತರ ಧ್ರುವದ ಕಡೆಯ ಕತ್ತಲ ಊರು, ಬಾಗಿಲು ಭದ್ರವಾಗಿ ಮುಚ್ಚುವ ಪೆಟ್ಟಿಗೆ, ಅದರೊಳಗೆ ವಸ್ತು ಎಕ್ಸ್. ಮೊದಲ ಅರ್ಜಿಯಲ್ಲಿ ಬರೀ ಹಪ್ಪಳದ ಹೆಸರಿತ್ತಲ್ಲ, ಈ ವಸ್ತು ಎಕ್ಸ್ ಎಂದರೇನು ಎಂದು ಕೇಳಿದರು. ಹೇಳುವಂತಿಲ್ಲ, ಭಾರತದ ಪಾಲುದಾರರ ಕೋರಿಕೆ ಎಂದ ಹಾಲ್ವರ್, ಬಹಳ ವಿನಯದಿಂದ. ರಾಗಿಣಿ ಮೇಡಂ ಪರದೆಯ ಮೇಲಿದ್ದ ಉದಯಕುಮಾರನ ಚೌಕವನ್ನು ನೋಡಿದರು. ಅವನು ಸಿಗ್ನಲ್ ಕೆಟ್ಟವನಂತೆ ಬಾಯಿ ಅರ್ಧ ತೆರೆದು ಅಲ್ಲಾಡದೆ ಕೂತುಬಿಟ್ಟ. ಇದೊಂದು ಉಪಾಯ ಆ ದಿನಕ್ಕೆ ನಡೆಯಿತು.

ಆದರೆ ಮೇಡಂ ಸರ್ಕಾರದವರು. ಅವರಿಗೆ ಹೇಳಬಾರದ ವಸ್ತುವೆಂದರೆ ಅದು ಸ್ಫೋಟಕವೋ, ರಾಸಾಯನಿಕವೋ, ದೇಶದ ಗಡಿ ದಾಟಬಾರದ್ದೋ ಇರಲೇಬೇಕು. ಮಾರನೆಯ ದಿನವೇ ಫೋನ್ ಮಾಡಿ, ಸ್ಥಳ ನೋಡಲು ಬಂದ ದಿನ ವಸ್ತು ಎಕ್ಸ್ ಯಾವುದೆಂದು ನನಗೆ ಗೊತ್ತಾಗಬೇಕು, ಇಲ್ಲದಿದ್ದರೆ ಈ ಕಡತ ಅಲ್ಲಿಗೇ ಮುಚ್ಚಿತು ಎಂದರು. ಹೇಳಿದರೆ ಅಕ್ಕ ಹೋಗುತ್ತಾಳೆ, ಹೇಳದಿದ್ದರೆ ಅನುದಾನ ಹೋಗುತ್ತದೆ, ಎರಡರಲ್ಲಿ ಯಾವುದು ಹೋದರೂ ಹಪ್ಪಳ ಹೋಗುತ್ತದೆ. ಉದಯಕುಮಾರ್ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದವನು ವಿಜಯನಗರದಲ್ಲಿ ಇಳಿಯುವುದು ಮರೆತು ಮೆಜೆಸ್ಟಿಕ್ ನೋಡಿಕೊಂಡು ಬರುವುದು ದಿನದ ರೂಢಿಯಾಯಿತು. ಅನ್ನ ಸೇರುತ್ತಿರಲಿಲ್ಲ. ಪರದೇಶದ ಕೆಲಸ, ತಲೆಗೆ ಎಷ್ಟು ಭಾರವೋ ಎಂದು ಶಿವಕ್ಕ ಅವನಿಗೆ ದಿನಾ ಹಾಲಿಗೆ ಬಾದಾಮಿ ತೇಯ್ದು ಕೊಟ್ಟಳು. ಆ ಹಾಲು ಕುಡಿಯುವಾಗ ಅವನಿಗೆ ಅಳು ಬರುತ್ತಿತ್ತು.

ಬರುವ ದಿನ ಬಂದೇಬಿಟ್ಟಿತು. ಸರ್ಕಾರದ ಬೋರ್ಡಿದ್ದ ಕಾರು ಓಣಿಯೊಳಗೆ ತಿರುಗಿದ್ದನ್ನು ಮೊದಲು ನೋಡಿದವರು ಮುನಿವೆಂಕಟಪ್ಪನವರು. ಪಾಲಿಕೆಯವರು ತಮ್ಮ ಮೇಲಿನೆರಡು ಮಹಡಿ ಅಳೆಯಲು ಬಂದರೆಂದೇ ಅವರು ತಿಳಿದರು. ಹೆಂಡತಿ ಮುನಿತಾಯಮ್ಮನಿಗೆ, ಯಾರು ಕೇಳಿದರೂ ಯಜಮಾನರು ಊರಲ್ಲಿಲ್ಲ ಅನ್ನು ಎಂದು ಹೇಳಿ, ತಾವು ತಾರಸಿ ಹತ್ತಿ ಟ್ಯಾಂಕಿನ ಹಿಂದೆ ಕೂತರು. ಕಾರು ಶಿವಕ್ಕನ ಮನೆ ಮುಂದೆ ನಿಂತಿತು. ಅವರೆಲ್ಲ ಶಿವಕ್ಕನ ತಾರಸಿಗೇ ಹತ್ತಿದರು. ಅಲ್ಲಿ ನಿಂತು ರಾಗಿಣಿ ಮೇಡಂ ನೆರಳು ಎಲ್ಲಿಂದ ಬರುತ್ತಿದೆ ಎಂದು ಕತ್ತೆತ್ತಿ ನೋಡಿದಾಗ, ಮುನಿವೆಂಕಟಪ್ಪನವರು ಮನೆದೇವರಿಗೆ ಮುಡಿ ಕೊಡುವ ಹರಕೆ ಹೊತ್ತರು.

ತಾರಸಿಯ ಮೇಲೆ ಕೆಲಸದ ಹೆಂಗಸರು, ನೀಲಗಂಗಮ್ಮ, ಪ್ಲಾಸ್ಟಿಕ್ ಕುರ್ಚಿಗಳು, ಕಾಫಿ. ಹಾಲ್ವರ್ ಆರಡಿ ಮೀರಿದ ಮನುಷ್ಯ, ಬಾಗಿಲಲ್ಲೇ ಬೂಟು ಬಿಚ್ಚಿ ಬರಿಗಾಲಲ್ಲಿ ಬಂದಿದ್ದ. ಅಷ್ಟಕ್ಕೇ ಶಿವಕ್ಕನ ಮನಸ್ಸು ಗೆದ್ದು, ಅವಳ ಬಾಯಲ್ಲಿ ಹಾಲಪ್ಪನಾಗಿಬಿಟ್ಟಿದ್ದ. ಆರದ ಸಂಡಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ತನ್ನ ಊರಿನಲ್ಲಿ ಸೂರ್ಯ ಮರಳಿ ಬರುವ ದಿನ ಮಕ್ಕಳು ಶಾಲೆ ಬಿಟ್ಟು ಬೀದಿಗೆ ಬಂದು ನಿಲ್ಲುತ್ತಾರೆ ಎಂದು ಹೇಳಿದ. ಉದಯಕುಮಾರ್ ಅದನ್ನು ಕನ್ನಡಕ್ಕೆ ತಂದಾಗ ಹೆಂಗಸರೆಲ್ಲ ತಲೆಯಾಡಿಸಿದರು. ಅವರಿಗೆ ಅದು ಸಂಡಿಗೆಯಷ್ಟೇ ಚೆನ್ನಾಗಿ ಅರ್ಥವಾಯಿತು.

ಆಮೇಲೆ ಹಾಲ್ವರ್ ತನ್ನ ಚೀಲದಿಂದ ಬಟ್ಟೆಯಲ್ಲಿ ಸುತ್ತಿ ನೀಲಿ ಪಟ್ಟಿ ಕಟ್ಟಿದ, ಮೊಳದುದ್ದದ ಪೊಟ್ಟಣ ತೆಗೆದು, ಎರಡೂ ಕೈಯಲ್ಲಿ ಹಿಡಿದು ಶಿವಕ್ಕನಿಗೆ ಕೊಟ್ಟ. ತಮ್ಮ ಕಡೆ ಮನೆಗೆ ಹೋಗುವಾಗ ಕೊಡುವ ಅತಿ ಶ್ರೇಷ್ಠ ಉಡುಗೊರೆ ಎಂದ. ಏನೆಂದು ಮಾತ್ರ ಹೇಳಲಿಲ್ಲ. ಮಾತು ಕೊಟ್ಟಿದ್ದನಲ್ಲ.

ಶಿವಕ್ಕನಿಗೆ ಅರ್ಥವಾಗಿಹೋಯಿತು. ಅದು ಕಡಲ ತರಕಾರಿ. ನೀಲಗಂಗಮ್ಮನವರು ತಮ್ಮ ಅರ್ಧ ಕೆಜಿ ನೆನಪಿಸಿಕೊಂಡು ಮುಂದೆ ಬಂದರು. ಶಿವಕ್ಕ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ದೇವರ ಮನೆಯಲ್ಲಿಟ್ಟು ಆಮೇಲೆ ಎಲ್ಲರಿಗೂ ಹಂಚುವುದಾಗಿ ಹೇಳಿ ಮೆಟ್ಟಿಲ ಕಡೆ ತಿರುಗಿದಳು.

ಉದಯಕುಮಾರ್ ಹಾರಿ ಅಡ್ಡ ನಿಂತ. ಪೊಟ್ಟಣದ ಒಂದು ತುದಿ ಹಿಡಿದುಕೊಂಡು, ಇನ್ನೂ ತಪಾಸಣೆ ಆಗಿಲ್ಲ, ಒಳಗೆ ಒಯ್ಯಬಾರದು ಎಂದ. ಶಿವಕ್ಕ ಇನ್ನೊಂದು ತುದಿ ಬಿಡಲಿಲ್ಲ. ಅಕ್ಕತಮ್ಮಂದಿರು ಸರ್ಕಾರದ ಎದುರಿಗೇ ಅದನ್ನು ಆ ಕಡೆ ಈ ಕಡೆ ಎಳೆದಾಡಿದರು. ರಾಗಿಣಿ ಮೇಡಂ ಕಾಫಿ ಲೋಟ ಕೆಳಗಿಟ್ಟರು. ಅವರಿಗೆ ಅಷ್ಟು ದಿನದ ಅನುಮಾನವೆಲ್ಲ ಆ ಪೊಟ್ಟಣದಲ್ಲಿ ಬಂದು ಕೂತಿದೆ ಅನ್ನಿಸಿತು.

"ಉದಯಕುಮಾರ್ ಅವರೇ, ಅದರಲ್ಲಿ ಏನಿದೆ?"

ಅವನು ಹಾಲ್ವರ್‌ನ ಮುಖ ನೋಡಿದ. ಹಾಲ್ವರ್ ಎದೆ ಸೆಟೆಸಿ, ವಸ್ತು ಎಕ್ಸ್ ಎಂದ. ನೀಲಗಂಗಮ್ಮ, ಕಡಲ ತರಕಾರಿ ಅಲ್ವೇನಪ್ಪಾ ಎಂದರು. ಮೇಡಂ ಫೋನ್ ಕೈಗೆತ್ತಿಕೊಂಡರು, ಯಾರಿಗೆ ಮಾಡುವವರಿದ್ದರೋ ಅವರಿಗೇ ಗೊತ್ತು. ಗಾಳಿ ಬೀಸಿತು. ಪಟ್ಟಿ ಸಡಿಲವಾಗಿದ್ದ ಪೊಟ್ಟಣದ ವಾಸನೆ ಮೇಲಕ್ಕೆ ಎದ್ದು, ಎರಡು ಮಹಡಿ ದಾಟಿ, ಟ್ಯಾಂಕಿನ ಹಿಂದಕ್ಕೂ ಹೋಯಿತು. ಮುನಿವೆಂಕಟಪ್ಪನವರು ಹೆದರಿಕೆಯಲ್ಲಿದ್ದರು, ನಿಜ. ಆದರೆ ಮೂಗಿಗೆ ಹೆದರಿಕೆ ಇರುವುದಿಲ್ಲ. ಅವರ ತಲೆ ಗೋಡೆಯ ಮೇಲಿಂದ ನಿಧಾನವಾಗಿ ಮೂಡಿತು.

"ಸಾರ್, ಒಣಮೀನು ಅಲ್ವಾ ಅದು? ಒಳ್ಳೆ ಮಾಲು ಕಣ್ರೀ. ಎಲ್ಲಿ ತಗೊಂಡ್ರಿ?"

ಪೊಟ್ಟಣದ ಎರಡೂ ತುದಿ ಒಟ್ಟಿಗೇ ಕೈಜಾರಿದವು. ಅದು ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತು. ಮೀನು ಮೀನಿನ ಹಾಗೆಯೇ ಇತ್ತು, ಬಾಲ ಸಮೇತ. ಅದನ್ನು ಬದನೆಕಾಯಿ ಎಂದು ಹೇಳಲು ಉದಯಕುಮಾರನ ಬಾಯಿಗೂ ಸಾಧ್ಯವಾಗಲಿಲ್ಲ.

ಮೊದಲು ಚೇತರಿಸಿಕೊಂಡವರು ರಾಗಿಣಿ ಮೇಡಂ. ಮೀನಾ, ಅಷ್ಟೇನಾ ಎಂದು ಕುರ್ಚಿಗೊರಗಿ ಹಣೆ ಒರೆಸಿಕೊಂಡರು. ಆಮೇಲೆ ಮತ್ತೆ ಅಧಿಕಾರಿಯಾಗಿ, ಪೆನ್ನು ತೆಗೆದು, ಶಿವಕ್ಕನನ್ನು ನೇರವಾಗಿ ಕೇಳಿದರು. ಇದು ಮೀನು ಒಣಗಿಸುವ ತಂತ್ರಜ್ಞಾನ. ನಿಮಗೆ ಇದನ್ನು ಮೊದಲು ಹೇಳಿಲ್ಲ ಎಂದು ಕಾಣುತ್ತದೆ. ಈಗ ಗೊತ್ತಾಯಿತಲ್ಲ, ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ, ಹೌದು ಅಥವಾ ಇಲ್ಲ ಎಂದು ಹೇಳಿ, ನಾನು ಬರೆದುಕೊಳ್ಳಬೇಕು.

ಶಿವಕ್ಕ ತಮ್ಮನನ್ನು ನೋಡಿದಳು. ಕೆಲಸದ ಹೆಂಗಸರು ಸೆರಗಿನ ತುದಿ ಹಿಡಿದು ನಿಂತಿದ್ದರು, ಅವರ ಮುಂದಿನ ಮಳೆಗಾಲ ಈ ಒಂದು ಮಾತಿನಲ್ಲಿತ್ತು. ಹಾಲ್ವರ್ ಏನಾಗುತ್ತಿದೆ ಎಂದು ತಿಳಿಯದೆ ಮೀನನ್ನು ಎತ್ತಿಕೊಂಡು ಮಗುವಿನ ಹಾಗೆ ಹಿಡಿದಿದ್ದ. ಶಿವಕ್ಕ ಬೆಂಗಳೂರಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವಳ ಬಾಯಲ್ಲಿ ರಾಣೆಬೆನ್ನೂರು ಬರುತ್ತಿತ್ತು. ಈಗ ಬಂತು.

"ನೋಡ್ರಿ ಮೇಡಂ. ಇಷ್ಟು ವರ್ಷ ನಾನು ಬಿಸಲಾಗ ಹಪ್ಪಳ ಒಣಗಿಸೀನಿ. ಅದ ಬಿಸಲಾಗ ಕಾರವಾರದಾಗ ಮೀನೂ ಒಣಗತಾವ. ಮುಂಜಾನೆ ಸೂರ್ಯ ನನ್ನ ಮಾಳಗಿ ಮ್ಯಾಲ ಬಂದಾಗ, ನಿನ್ನೆ ಏನು ಒಣಗಿಸಿ ಬಂದೀಯಪ್ಪಾ ಅಂತ ನಾ ಯಾವತ್ತರ ಕೇಳೀನೇನು? ಪೆಟ್ಟಿಗೀನ ಅಷ್ಟ ಯಾಕ ಕೇಳ್ಲಿ? ನನಗ ಕೊಡೋದು ಹೊಸಾ ಪೆಟ್ಟಿಗಿ ಇರಬೇಕು, ಅದರಾಗ ಹಪ್ಪಳ ಬಿಟ್ಟು ಬ್ಯಾರೆ ಇಡಂಗಿಲ್ಲ. ಒಪ್ಪಿಗಿ ಐತಿ ಅಂತ ಬರಕೊಳ್ರಿ."

ಪೆನ್ನು ಓಡಿತು. ಹೆಂಗಸರು ಸೆರಗು ಬಿಟ್ಟರು. ಉದಯಕುಮಾರ್ ಇನ್ನೇನು ಕುರ್ಚಿ ಹುಡುಕಿ ಕೂರಬೇಕು, ಅಷ್ಟರಲ್ಲಿ ಮುನಿವೆಂಕಟಪ್ಪನವರು ಕೆಳಗಿಳಿದು, ಓಣಿ ದಾಟಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದು ಎಲ್ಲರ ನಡುವೆ ಕೈ ಮುಗಿದು ನಿಂತರು. ಬಿಸಿಲಿನ ಮಾತು ಅವರ ಎದೆಗೆ ನಾಟಿತ್ತು. ಬರೆದುಕೊಳ್ಳುವ ಮೇಡಂ ಅದಕ್ಕಿಂತ ಆಳಕ್ಕೆ ನಾಟಿದ್ದರು.

"ಅಕ್ಕಾ, ಬಿಸಿಲು ಬೇಕಂದ್ರೆ ನಮ್ ಟೆರೇಸ್ ಐತಲ್ಲ, ನಾಳೆಯಿಂದ್ಲೇ ಹಾಕ್ಕೊಳ್ಳಿ. ಬೀಗದ ಕೈ ಕೊಟ್ಬುಡ್ತೀನಿ. ಮೇಡಮ್ಮೋರು ಮಾತ್ರ ಮೇಲಿನ ಎರಡು ಫ್ಲೋರ್ ವಿಷ್ಯ ಬರ್ಕೋಬೇಡಿ, ದಮ್ಮಯ್ಯ."

ಪೆನ್ನು ನಿಂತುಬಿಟ್ಟಿತು. ರಾಗಿಣಿ ಮೇಡಂ ಪಕ್ಕದ ತಾರಸಿಯ ಮೇಲೆ ಧಾರಾಳವಾಗಿ ಸುರಿಯುತ್ತಿದ್ದ ಬಿಸಿಲನ್ನು ನೋಡಿದರು. ಹಾಗಾದರೆ ಇಲ್ಲಿ ಬಿಸಿಲಿಗೆ ಕೊರತೆಯೇ ಇಲ್ಲ ಅಂತಾಯಿತಲ್ಲ ಎಂದರು, ತಮ್ಮಷ್ಟಕ್ಕೆ ತಾವು. ಮೀನಿನಿಂದ ಉಳಿದುಕೊಂಡ ಅನುದಾನ ನೆರೆಹೊರೆಯವರ ಒಳ್ಳೆಯತನದಲ್ಲಿ ಮುಳುಗಿಹೋಗುತ್ತಿತ್ತು. ಶಿವಕ್ಕ ಮಾತ್ರ ಮುನಿವೆಂಕಟಪ್ಪನವರ ಕಡೆ ತಿರುಗಿಯೂ ನೋಡದೆ ಮೇಡಂಗೆ ಹೇಳಿದಳು.

"ಮಳಿಗಾಲದಾಗ ಇವರ ಟೆರೇಸಿಗೆ ಬ್ಯಾರೆ ಸೂರ್ಯ ಬರ್ತಾನೇನ್ರಿ? ಬ್ಯಾಸಗಿಗೆ ಇವರ ಟೆರೇಸ್, ಮಳಿಗಾಲಕ್ಕ ಹಾಲಪ್ಪನ ಪೆಟ್ಟಿಗಿ. ಎರಡೂ ಬೇಕು ಅಂತ ಬರೀರಿ."

ಮೇಡಂ ಬರೆದರು. ಮೀನು ಮುನಿವೆಂಕಟಪ್ಪನವರಿಗೆ ಸಂದಿತು. ತಾರಸಿಯ ಬೀಗದ ಕೈ ಅವರ ಉಡಿದಾರದಿಂದ ಬಿಚ್ಚಿ ಶಿವಕ್ಕನ ಸೊಂಟಕ್ಕೆ ಬಂತು.

ಆಮೇಲೆ ಶಿವಕ್ಕ ತಮ್ಮನೊಡನೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಹಾಲಿಗೆ ಬಾದಾಮಿ ಮಾತ್ರ ಇರಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವನೇ ಬಂದು ಅವಳ ಹತ್ತಿರ ನೆಲದ ಮೇಲೆ ಕೂತ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಸಿಟ್ಟು ಇಳಿದು ಬೆಂಗಳೂರಿನ ಮಾತು ಮರಳಿತ್ತು, ಅದನ್ನು ಕೇಳುವುದು ಇನ್ನೂ ಕಷ್ಟವಾಗಿತ್ತು.

"ಮೀನು ಅಂದಿದ್ರೆ ನಾನು ಬೇಡ ಅಂತಿದ್ನೋ, ಹೂಂ ಅಂತಿದ್ನೋ, ನನಗೂ ಗೊತ್ತಿಲ್ಲ. ಅದನ್ನ ಹೇಳೋಳು ನಾನಾಗಿದ್ದೆ ಕಣೋ. ನನ್ನ ಬದಲು ನೀನೇ ಬೇಡ ಅಂದ್ಕೊಂಡುಬಿಟ್ಟೆ."

ಉದಯಕುಮಾರ್ ಅತ್ತುಬಿಟ್ಟ. ಅವಳು ಹಿಟ್ಟಿನ ಕೈಯಲ್ಲೇ ಅವನ ತಲೆ ತಟ್ಟಿ, ಎದ್ದು ಹೋಗಿ ಒಂದೊಂದು ಮನೆಗೂ ನಿಜ ಹೇಳಿ ಬಾ ಎಂದಳು. ಅವನು ಹೋದ. ಬೈಗುಳಕ್ಕೆ ತಯಾರಾಗಿ ಹೋದವನಿಗೆ ನೀಲಗಂಗಮ್ಮನವರ ಮನೆಯಲ್ಲಿ ಬೇರೆಯದೇ ಕಷ್ಟ ಕಾದಿತ್ತು. ಅವರು ಆ ಪೊಟ್ಟಣ ಬರುವುದಕ್ಕೂ ಮುಂಚೆಯೇ, ಕಡಲ ತರಕಾರಿ ತಿನ್ನಲು ಶುರು ಮಾಡಿದ ಮೇಲೆ ಸಕ್ಕರೆ ಇಳಿದಿದೆ ಎಂದು ದಾವಣಗೆರೆಯ ತವರಿಗೆಲ್ಲ ಹೇಳಿಕೊಂಡಿದ್ದರು. ಈಗ ಈ ವಿಷಯ ಎತ್ತಬೇಡಪ್ಪಾ ಎಂದು ಅವರೇ ಅವನಿಗೆ ಕೈ ಮುಗಿದರು. ಅವರ ಮುಖ ಬಹಳ ಸಪ್ಪಗಾಗಿತ್ತು. ಆದರೂ ಆ ದಿನ ಉದಯಕುಮಾರ್ ಅದು ಮೀನೇ ಎಂದು ಹೇಳಿ, ಬಾಯಿ ಬಿಗಿಹಿಡಿದುಕೊಂಡು, ಬೇರೇನೂ ಸೇರಿಸದೆ ಬಂದ.

ಅನುದಾನ ಮಂಜೂರಾಯಿತು. ಒಂದು ಷರತ್ತಿತ್ತು: ಪೆಟ್ಟಿಗೆಯನ್ನು ನಡೆಸುವವರು ಚಳಿಗಾಲದಲ್ಲಿ ಟ್ರೊಮ್ಸೊಗೆ ಹೋಗಿ ಕಲಿತು ಬರಬೇಕು. ಉದಯಕುಮಾರ್ ಆಗಲೇ ಒಂದು ದಪ್ಪ ಕೋಟು ಕೊಂಡು, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಾಕಿ ತೋರಿಸಿಯೂ ಆಗಿತ್ತು. ಪೆಟ್ಟಿಗೆ ನಡೆಸುವವರು ಮೇಷ್ಟರಲ್ಲ, ಉದ್ಯಮದ ಮಾಲೀಕರು ಎಂದು ರಾಗಿಣಿ ಮೇಡಂ ತಿಳಿಸಿದರು. ಕೋಟು ಶಿವಕ್ಕನಿಗೆ ಹೋಯಿತು. ಇಳಕಲ್ ಸೀರೆಯ ಮೇಲೆ ಕೋಟು, ಹಣೆಯಲ್ಲಿ ವಿಭೂತಿ, ಸೂಟ್‌ಕೇಸಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ. ವಿಮಾನ ನಿಲ್ದಾಣದವರೆಗೆ ಬಿಡಲು ಮುನಿವೆಂಕಟಪ್ಪನವರು ತಮ್ಮ ಕಾರು ಕೊಟ್ಟರು, ಇನ್ನೂ ಅವರಿಗೆ ಪೂರ್ತಿ ಧೈರ್ಯ ಬಂದಿರಲಿಲ್ಲ.

ಹೀಗಾಗಿ ಆ ಚಳಿಗಾಲ ಅಂತಾರಾಷ್ಟ್ರೀಯ ಸಂಶೋಧಕ ಉದಯಕುಮಾರ್, ಮುನಿವೆಂಕಟಪ್ಪನವರ ತಾರಸಿಯ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು, ಕೋಲು ಹಿಡಿದು ಕಾಗೆ ಓಡಿಸುತ್ತ ಕೂತ. ಒಂದು ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ವಿಡಿಯೋದಲ್ಲಿ ಅಕ್ಕ. ಅಲ್ಲೂ ಹಗಲೇ, ಆದರೆ ಅವಳ ಹಿಂದಿನ ಕಿಟಕಿಯಲ್ಲಿ ಕತ್ತಲೆ ಕವಿದಿತ್ತು. ಊಟಕ್ಕೆ ಏನು ಮಾಡುತ್ತೀ, ಆ ವಾಸನೆಯಲ್ಲಿ ಹೇಗಿದ್ದೀ, ನನ್ನಿಂದ ನಿನಗೆ ಇದೆಲ್ಲ ಬಂತಲ್ಲ ಎಂದು ಉದಯಕುಮಾರ್ ಒಂದೇ ಸಮನೆ ಕೇಳತೊಡಗಿದ.

ಶಿವಕ್ಕನಿಗೆ ಅದನ್ನು ಕೇಳುವಷ್ಟು ಪುರಸೊತ್ತಿರಲಿಲ್ಲ. ಫೋನ್ ತಿರುಗಿಸಿ ಒಣಗಿಸುವ ಕೋಣೆ ತೋರಿಸಿದಳು. ಗಳುವಿನ ಮೇಲೆ ಗಳು, ಸಾಲಿನ ಮೇಲೆ ಸಾಲು, ಜೋಡಿ ಜೋಡಿಯಾಗಿ ಮೀನು ನೇತಾಡುತ್ತಿದ್ದವು. ಫೋನ್ ತಿರುಗುವಾಗ, ಸೀರೆಯ ಸೆರಗನ್ನು ಮೂಗಿಗೆ ಬಿಗಿಯಾಗಿ ಒತ್ತಿ ಹಿಡಿದ ಅವಳ ಕೈ ಪರದೆಯ ಅಂಚಿನಲ್ಲಿ ಒಮ್ಮೆ ಕಂಡುಹೋಗಿತ್ತು. ಆ ಸೆರಗಿನ ಒಳಗಿಂದ ಅವಳ ದನಿ ಬಂತು.

"ನೋಡೋ ಉದಯ, ಒಂದು ಚೂರು ಬೂಷ್ಟಿಲ್ಲ. ಎಷ್ಟು ಚೆನ್ನಾಗಿ ಒಣಗಿಸಿದ್ದಾರೆ ಕಣೋ."